ಬೆಳಕಿತ್ತು, ಅಡುಗೆಮನೆ ಮುಚ್ಚಿತ್ತು: ಸ್ಕಾಟ್ಲೆಂಡಿನಲ್ಲಿ ಎಂಟು ದಿನ ಉಂಡಿದ್ದು

ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ನಾನು ಹೊನ್ನಾವರದವನು. ಮೀನಿಲ್ಲದ ಊಟ ನನಗೆ ಉಪವಾಸ ಇದ್ದ ಹಾಗೆ. ಹೆಂಡತಿ ಶಿರಸಿ ಕಡೆಯವಳು. ಮೀನಿನ ವಾಸನೆ ಬಂದರೆ ಎದ್ದು ಹೋಗಿ ಕಿಟಕಿ ತೆಗೆಯುತ್ತಾಳೆ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಅನ್ನೋದನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ. ಹನ್ನೊಂದು ವರ್ಷದ ಮಗಳದ್ದು ಪಿಜ್ಜಾ ಪಕ್ಷ. ಈ ಮೂವರನ್ನೂ ಒಂದೇ ಕಾರಿನಲ್ಲಿ ಕೂರಿಸಿಕೊಂಡು, ಮೇ ತಿಂಗಳ ರಜೆಯಲ್ಲಿ ಸ್ಕಾಟ್ಲೆಂಡ್ ಸುತ್ತಿ ಬಂದೆವು.

ವೀಸಾ, ಟಿಕೆಟ್ಟು, ಬಾಡಿಗೆ ಕಾರಿನ ಕಥೆ ಬೇಡ. ಅಲ್ಲಿಯೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ನಮ್ಮ ಲೈಸೆನ್ಸೇ ನಡೆಯುತ್ತದೆ ಅಂದರೆ ಸಾಕು. ಎಲ್ಲಿ ಏನು ತಿನ್ನಬೇಕು ಅಂತ ಎರಡು ತಿಂಗಳು ಕೂತು ಪಟ್ಟಿ ಮಾಡಿದ್ದೆ. ಎಷ್ಟು ಹೊತ್ತಿಗೆ ತಿನ್ನಬೇಕು ಅನ್ನೋದನ್ನು ಮಾತ್ರ ಬರೆದುಕೊಂಡಿರಲಿಲ್ಲ. ಅದರ ಫಲ ನಾಲ್ಕನೇ ದಿನ ಸಿಕ್ಕಿತು.

ಮೊದಲ ದಿನ: ಎಡಿನ್‌ಬರೊ

ವೇವರ್ಲಿ ನಿಲ್ದಾಣದಿಂದ ಮೇಲೆ ಬರುತ್ತಿದ್ದ ಹಾಗೆ ಗಾಳಿ ಹೊಡೆಯಿತು. ಬಿಸಿಲು ಕಾಯುತ್ತಿದೆ, ಹಲ್ಲು ಕಡಿಯುವ ಚಳಿಯೂ ಇದೆ. ಇದ್ದ ಸ್ವೆಟರೆಲ್ಲ ಹಾಕಿಕೊಂಡು ರಾಯಲ್ ಮೈಲ್ ಬೀದಿಯ ಒಂದು ಪಬ್ಬಿಗೆ ನುಗ್ಗಿದೆವು. ಪಬ್ ಅಂದರೆ ಬರೀ ಕುಡಿಯುವ ಜಾಗ ಅಂತ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ನೋಡಿದರೆ ಅಜ್ಜಿಯರು ಸೂಪು ಕುಡಿಯುತ್ತಿದ್ದರು, ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು.

ಸ್ಕಾಟ್ಲೆಂಡಿಗೆ ಹೋಗಿ ಹ್ಯಾಗಿಸ್ ತಿನ್ನದೆ ಬರುವ ಹಾಗಿಲ್ಲ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ ಎಲ್ಲವನ್ನೂ ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆ ಸೇರಿಸಿ ಬೇಯಿಸುವುದು. ಹಿಂದೆ ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬುತ್ತಿದ್ದರು. ಅವರ ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಇದರ ಮೇಲೆ ಪದ್ಯವನ್ನೇ ಬರೆದಿದ್ದಾನೆ. ಪ್ರತಿ ಜನವರಿ 25ಕ್ಕೆ, ಅವನ ಹುಟ್ಟುಹಬ್ಬದ ದಿನ, ಆ ಪದ್ಯ ಓದಿ ಚಾಕು ಹಾಕುತ್ತಾರೆ. ನನ್ನ ತಟ್ಟೆ ಬಂತು. ನೋಡಲು ಕಪ್ಪಗೆ, ಉದುರುದುರು. ಬಾಯಿಗಿಟ್ಟರೆ ಕಾಳುಮೆಣಸಿನ ಘಾಟು. ಪಕ್ಕದಲ್ಲಿ ನೀಪ್ಸ್ ಮತ್ತು ಟ್ಯಾಟೀಸ್. ಟ್ಯಾಟೀಸ್ ಅಂದರೆ ಆಲೂಗಡ್ಡೆ. ನೀಪ್ಸ್ ಅಂದರೆ ಹಳದಿ ತಿರುಳಿನ ಒಂದು ಬಗೆಯ ಟರ್ನಿಪ್, ಬೇಯಿಸಿ ಮಸೆದದ್ದು, ತುಸು ಸಿಹಿ.

ಹೆಂಡತಿಗೆ ಬಂದಿದ್ದು ಸಸ್ಯಾಹಾರಿ ಹ್ಯಾಗಿಸ್. ಅಂಥದ್ದೊಂದು ಇದೆ ಅಂತ ಅವಳು ನಂಬಿರಲೇ ಇಲ್ಲ. ಎಡಿನ್‌ಬರೊದ ಮ್ಯಾಕ್‌ಸ್ವೀನ್ ಅನ್ನುವ ಮಾಂಸದಂಗಡಿಯವರೇ 1984ರಲ್ಲಿ ಸ್ಕಾಟಿಷ್ ಪೊಯಿಟ್ರಿ ಲೈಬ್ರರಿ ಶುರುವಾದಾಗ ಮೊದಲು ಮಾಡಿದ್ದು. ಓಟ್ಸ್, ಬೇಳೆ, ರಾಜ್ಮಾ, ಕ್ಯಾರೆಟ್, ಒಂದಿಷ್ಟು ಬೀಜಗಳು. ಈಗ ದೇಶದ ಮೂಲೆಮೂಲೆಯಲ್ಲಿ ಸಿಗುತ್ತದೆ. ಅವಳು ಎರಡು ಚಮಚ ತಿಂದು, "ಒಗ್ಗರಣೆ ಒಂದು ಹಾಕಿದ್ದರೆ ನಮ್ಮದೇ ಆಗ್ತಿತ್ತು" ಅಂದಳು. ಮುಂದಿನ ಏಳು ದಿನದಲ್ಲಿ ಅದನ್ನು ಇನ್ನೂ ನಾಲ್ಕು ಸಲ ತಿಂದಳು. ನಿಮ್ಮ ಜೊತೆ ಸಸ್ಯಾಹಾರಿಗಳಿದ್ದರೆ ಈ ಒಂದು ಹೆಸರು ನೆನಪಿಟ್ಟುಕೊಳ್ಳಿ. ನೀರಿಗೆ ದುಡ್ಡು ಕೊಡಬೇಡಿ. ಮದ್ಯ ಮಾರುವ ಲೈಸೆನ್ಸ್ ಇರುವ ಕಡೆಯೆಲ್ಲ ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು ಅಂತ ಅಲ್ಲಿನ ಕಾನೂನು. ಆ ನೀರಾದರೂ ಎಷ್ಟು ರುಚಿ ಅಂತೀರಿ!

ಸಂಜೆ ಬೀದಿ ಮೂಲೆಯ ಚಿಪ್ಪಿಗೆ ಹೋದೆವು. ಮೀನು ಮತ್ತು ಆಲೂಗಡ್ಡೆ ಕರಿಯುವ ಅಂಗಡಿಯನ್ನು ಅಲ್ಲಿ ಚಿಪ್ಪಿ ಅಂತಲೇ ಕರೆಯುವುದು. ನಾನು "ಫಿಶ್" ಅಂದೆ, ಬರೀ ಮೀನು ಕೊಟ್ಟರು. ಚಿಪ್ಸ್ ಎಲ್ಲಿ ಅಂದರೆ, ಚಿಪ್ಸೂ ಬೇಕಿದ್ದರೆ "ಫಿಶ್ ಸಪ್ಪರ್" ಅನ್ನಬೇಕಂತೆ. ಮಧ್ಯಾಹ್ನ ಹನ್ನೆರಡಕ್ಕೂ ಅದು ಸಪ್ಪರ್ರೇ. ಕೌಂಟರಿನ ಹುಡುಗ "ಸಾಲ್ಟ್ ಆಂಡ್ ಸಾಸ್?" ಅಂದ. ಹೂಂ ಅಂದೆ. ವಿನೆಗರ್ ಬೆರೆಸಿ ತೆಳ್ಳಗೆ ಮಾಡಿದ ಕಂದು ಸಾಸನ್ನು ಬಾಟಲಿಯಿಂದ ಮಳೆ ಸುರಿದ ಹಾಗೆ ಸುರಿದುಬಿಟ್ಟ. ಹುಣಸೆ ಚಟ್ನಿಯ ದೂರದ ಸಂಬಂಧಿ. ಇದು ಎಡಿನ್‌ಬರೊದ ಪದ್ಧತಿ. ಗ್ಲಾಸ್ಗೊದವರು ಉಪ್ಪು ಮತ್ತು ವಿನೆಗರ್ ಅಷ್ಟೇ ಹಾಕುತ್ತಾರೆ. ಇದೇ ವಿಷಯಕ್ಕೆ ಎರಡು ಊರಿನವರೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ.

ಹೆಂಡತಿ ಬರೀ ಚಿಪ್ಸ್ ತಗೊಳ್ಳೋಣ ಅಂತಿದ್ದಳು. ಏನೋ ಅನುಮಾನ ಬಂದು ಎಣ್ಣೆ ಯಾವುದು ಅಂತ ಕೇಳಿದಳು. ಹುಡುಗ ಪಾಪ, ಮುಖ ಸಣ್ಣ ಮಾಡಿಕೊಂಡು, "ದನದ ಕೊಬ್ಬು, ಸಾರಿ" ಅಂದ. ಕೆಲವು ಚಿಪ್ಪಿಗಳಲ್ಲಿ ಇನ್ನೂ ಕೊಬ್ಬಿನಲ್ಲೇ ಕರಿಯುತ್ತಾರೆ. ಕೆಲವರು ಎಣ್ಣೆ ಬಳಸುತ್ತಾರೆ. ಕೇಳದೆ ತಿನ್ನಬಾರದು. ಅವನೇ ದಾರಿ ತೋರಿಸಿದ. ನಿಕಲ್ಸನ್ ಸ್ಕ್ವೇರಿನ ಮಾಸ್ಕ್ ಕಿಚನ್. ಹತ್ತಿರದ ಮಸೀದಿಯ ಹಿಂದೆ ಶುರುವಾದ ಅಡುಗೆಮನೆ ಈಗ ದೊಡ್ಡ ಹೋಟೆಲು. ನಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ವಿದ್ಯಾರ್ಥಿಗಳ ಜಾತ್ರೆ. ಶಿರಸಿಯ ಹೆಂಡತಿ ಮಸೀದಿಯ ಅಡುಗೆಮನೆಯಲ್ಲಿ ಬಿಸಿ ಅನ್ನ, ಬೇಳೆ ತಿಂದು, "ಈಗ ಊರು ಚೆಂದ ಕಾಣ್ತಿದೆ" ಅಂದಳು.

ಎರಡನೇ ದಿನ: ಫೈಫ್, ಆರ್ಬ್ರೋತ್

ಫೋರ್ತ್ ನದಿಯ ಹೊಸ ಸೇತುವೆ ದಾಟಿ ಫೈಫ್ ಕರಾವಳಿಗೆ ಇಳಿದೆವು. ಸಮುದ್ರದ ದಂಡೆಗೆ ಅಂಟಿಕೊಂಡ ಪುಟ್ಟ ಪುಟ್ಟ ಬಂದರುಗಳು, ಕೆಂಪು ಹೆಂಚು, ಗುಡ್ಡದ ತುಂಬ ಹಳದಿ ಹೂವಿನ ಮುಳ್ಳುಪೊದೆ. ಆನ್‌ಸ್ಟ್ರದರ್ ಅನ್ನುವ ಊರಿನ ಫಿಶ್ ಬಾರ್ ಹೆಸರುವಾಸಿ. ಬೇಸಿಗೆಯಲ್ಲಿ ಸಾಲು ಬೀದಿಗೆ ಬರುತ್ತದಂತೆ. ನಾವು ಹನ್ನೆರಡಕ್ಕೆ ಮೊದಲೇ ಹೋಗಿದ್ದರಿಂದ ಬೇಗ ಸಿಕ್ಕಿತು. ಈ ಸಲ "ಹ್ಯಾಡಾಕ್ ಸಪ್ಪರ್" ಅಂತ ಸರಿಯಾಗಿ ಕೇಳಿದೆ. ಸ್ಕಾಟ್ಲೆಂಡಿನಲ್ಲಿ ಫಿಶ್ ಅಂದರೆ ಸಾಮಾನ್ಯವಾಗಿ ಹ್ಯಾಡಾಕ್. ಬಂದರಿನ ಕಟ್ಟೆಯ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಮೇಲಿನ ಪದರ ಗರಿಗರಿ, ಒಳಗೆ ಮೀನು ಬಿಳಿ ಎಸಳೆಸಳಾಗಿ ಬಿಟ್ಟುಕೊಂಡಿತು. ಹೊನ್ನಾವರದವನ ಬಾಯಿಗೆ ಖಾರ ಇಲ್ಲವಲ್ಲ ಅನ್ನಿಸಿತು, ನಿಜ. ಆದರೆ ಮೀನು ತಾಜಾ ಇದ್ದಾಗ ಅದಕ್ಕೆ ಮಸಾಲೆ ಮೆತ್ತುವುದು ಯಾಕೆ ಅನ್ನುವ ಮಾತೂ ಮೊದಲ ಸಲ ಅರ್ಥವಾಯಿತು. ಅಮ್ಮನಿಗೆ ಇದನ್ನು ಹೇಳಿಲ್ಲ.

ಸೇಂಟ್ ಆಂಡ್ರೂಸ್‌ಗೆ ಎಲ್ಲರೂ ಗಾಲ್ಫ್ ನೋಡಲು ಹೋಗುತ್ತಾರೆ. ನಾವು ಹೋಗಿದ್ದು ಜನೆಟ್ಟಾಸ್‌ನ ಐಸ್‌ಕ್ರೀಮಿಗೆ. 1908ರಿಂದ ಇರುವ ಇಟಾಲಿಯನ್ ಕುಟುಂಬದ ಅಂಗಡಿ. ನೂರು ವರ್ಷದ ಹಿಂದೆ ಇಟಲಿಯ ಬಡ ಹಳ್ಳಿಗಳಿಂದ ಬಂದವರು ಸ್ಕಾಟ್ಲೆಂಡಿನ ಊರೂರಲ್ಲಿ ಐಸ್‌ಕ್ರೀಮ್ ಮತ್ತು ಚಿಪ್ಪಿ ಅಂಗಡಿ ಹಾಕಿದರು. ಉಡುಪಿ ಕಡೆಯವರು ಮುಂಬೈ, ಬೆಂಗಳೂರಿಗೆ ಬಂದು ಹೋಟೆಲು ತೆಗೆದ ಹಾಗೇ ಅಲ್ವಾ? ಒಬ್ಬ ಬರುವುದು, ಆಮೇಲೆ ತಮ್ಮನನ್ನು ಕರೆಸಿಕೊಳ್ಳುವುದು. ಮಗಳು ಹತ್ತು ನಿಮಿಷ ಗಾಜಿಗೆ ಮೂಗು ಒತ್ತಿ ನಿಂತು, ಕೊನೆಗೆ ವೆನಿಲ್ಲಾ ತಗೊಂಡಳು.

ಟೇ ನದಿ ದಾಟಿ ಡಂಡೀ ಮೇಲೆ ಆರ್ಬ್ರೋತ್. ಇಲ್ಲಿಯ ಸ್ಮೋಕಿ ಅನ್ನುವ ಹೊಗೆಮೀನಿಗೆ ನಮ್ಮ ಮೈಸೂರು ಮಲ್ಲಿಗೆಯ ಹಾಗೆ ಊರಿನ ಹೆಸರಿನ ಹಕ್ಕಿದೆ, 2004ರಿಂದ. ಆರ್ಬ್ರೋತಿನಿಂದ 8 ಕಿಲೋಮೀಟರ್ ಒಳಗೆ ಮಾಡಿದರೆ ಮಾತ್ರ ಆ ಹೆಸರು. ಬಂದರಿನ ಹಿಂದಿನ ಗಲ್ಲಿಗಳಲ್ಲಿ ಮನೆಯಂಥ ಅಂಗಡಿಗಳು. ವಾಸನೆ ಹಿಡಿದು ನಡೆದರೆ ಸಾಕು, ಮ್ಯಾಪ್ ಬೇಡ. ಒಂದು ಕಡೆ ಬಾಗಿಲು ತೆರೆದಿತ್ತು. ಮಧ್ಯವಯಸ್ಸಿನ ಒಬ್ಬಾಕೆ ಒಳಗೆ ಕರೆದು ತೋರಿಸಿದಳು. ತಲೆ ತೆಗೆದು, ಉಪ್ಪಿನಲ್ಲಿಟ್ಟ ಹ್ಯಾಡಾಕ್‌ಗಳನ್ನು ಎರಡೆರಡರಂತೆ ಬಾಲಕ್ಕೆ ದಾರ ಕಟ್ಟಿ ಜೋಡಿ ಮಾಡುತ್ತಾರೆ. ಜೋಡಿಯನ್ನು ಕೋಲಿನ ಮೇಲೆ ನೇತುಹಾಕಿ, ಕೆಳಗೆ ಗಟ್ಟಿ ಮರದ ಬೆಂಕಿ ಮಾಡಿ, ಮೇಲೆ ಒದ್ದೆ ಗೋಣಿ ಮುಚ್ಚುತ್ತಾರೆ. ಗೋಣಿ ಬೆಂಕಿಯನ್ನು ಉರಿಯಲು ಬಿಡುವುದಿಲ್ಲ, ಹೊಗೆಯನ್ನು ಹೊರಗೆ ಬಿಡುವುದಿಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆ. ಗಾಳಿ ಜಾಸ್ತಿ ಇದ್ದರೆ ಗೋಣಿ ಇನ್ನೊಂದು ಸುತ್ತು.

"ಈ ಗೋಣಿ ಎಲ್ಲಿಂದ ಬರುತ್ತೆ?" ಅಂದೆ. "ನಿಮ್ಮ ಕಡೆಯಿಂದಲೇ!" ಅಂತ ನಕ್ಕಳು. ಪಕ್ಕದ ಡಂಡೀ ಒಂದು ಕಾಲಕ್ಕೆ ಗೋಣಿಯ ರಾಜಧಾನಿ. ಬಂಗಾಳದ ಸೆಣಬು ಹಡಗಿನಲ್ಲಿ ಬಂದು ಅಲ್ಲಿ ಚೀಲವಾಗುತ್ತಿತ್ತು. ಒಲೆಯಿಂದ ಇಳಿಸಿದ ಒಂದು ಜೋಡಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಹೆಬ್ಬೆರಳಿನಿಂದ ಒತ್ತಿ ನಡುಮುಳ್ಳನ್ನು ಎತ್ತುವುದು ಹೇಗೆ ಅಂತ ಅವಳೇ ಹೇಳಿಕೊಟ್ಟಳು. ಮುಳ್ಳು ಬಾಚಣಿಗೆಯ ಹಾಗೆ ಇಡಿಯಾಗಿ ಎದ್ದು ಬಂತು. ತಾಮ್ರದ ಬಣ್ಣದ ಚರ್ಮ, ಒಳಗೆ ಕೆನೆ ಬಣ್ಣದ ಮೀನು, ಬೆರಳಿನ ತುಂಬ ಹೊಗೆಯ ಎಣ್ಣೆ. ಬಂದರಿನಲ್ಲಿ ನಿಂತೇ ಎರಡನ್ನೂ ಮುಗಿಸಿದೆ. ಇಡೀ ಪ್ರವಾಸದಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಊಟ ಸಿಗಲಿಲ್ಲ. ಅದಕ್ಕೆ ಕೊಟ್ಟಿದ್ದು ಎಡಿನ್‌ಬರೊದ ಪಬ್ಬಿನ ಬಿಲ್ಲಿನ ಅರ್ಧವೂ ಅಲ್ಲ. ಬಿಸಿಯಾಗಿ ತಿನ್ನಬೇಕು, ಪ್ಯಾಕೆಟ್ಟಿನದ್ದು ತಂದು ತಿಂದರೆ ಆ ಮಜಾ ಇಲ್ಲ.

ಕಾರಿನಲ್ಲಿ ಮೂರು ದಿನ ಆ ವಾಸನೆ ಇತ್ತು. ಕಿಟಕಿ ತೆಗೆದು ಕೂತವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಮೂರನೇ ದಿನ: ಪರ್ತ್‌ನಿಂದ ಓಬನ್

ಪರ್ತ್‌ನಿಂದ ಓಬನ್‌ವರೆಗೆ ಒಂದೇ ರಸ್ತೆ, ಎ 85. ಪೂರ್ವದ ಹೊಲಗಳನ್ನು ಬಿಟ್ಟು ಪಶ್ಚಿಮದ ಗುಡ್ಡ, ಸರೋವರಗಳ ಕಡೆ ಹೋಗುತ್ತದೆ. ಕ್ರೀಫ್ ದಾಟಿ ಕಾಮ್ರಿಗೆ ಹೋಗುವಾಗ ಗುಡ್ಡದ ಮೇಲೊಂದು ಕಲ್ಲಿನ ಸ್ತಂಭ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೈನ್ಯದ ಮುಂದಾಳು ಡೇವಿಡ್ ಬೇರ್ಡ್‌ನದು. ಅದಕ್ಕೂ ಮೊದಲು ಅವನು ಮೂರು ವರ್ಷಕ್ಕೂ ಜಾಸ್ತಿ ಅದೇ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ. ಮಗನನ್ನು ಇನ್ನೊಬ್ಬನ ಜೊತೆ ಸರಪಳಿಯಲ್ಲಿ ಕಟ್ಟಿದ್ದಾರೆ ಅಂತ ಸುದ್ದಿ ಬಂದಾಗ ಅವನ ತಾಯಿ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಪಾಡು ಅಯ್ಯೋ ಪಾಪ" ಅಂದಳಂತೆ. ಮಗಳಿಗೆ ಶಾಲೆಯಲ್ಲಿ ಓದಿದ ಶ್ರೀರಂಗಪಟ್ಟಣ ಇಲ್ಲಿಯ ಗುಡ್ಡದ ಮೇಲೆ ಸಿಕ್ಕಿದ್ದು ವಿಚಿತ್ರ ಅನ್ನಿಸಿತು. ನನಗೂ.

ಮಳೆ ಶುರುವಾಯಿತು. ಟೈಂಡ್ರಮ್‌ನಲ್ಲಿ ರಸ್ತೆ ಎರಡಾಗುತ್ತದೆ. ಒಂದು ಓಬನ್‌ಗೆ, ಒಂದು ಗ್ಲೆನ್‌ಕೋಗೆ. ಕವಲಿನಲ್ಲಿರುವ ರಿಯಲ್ ಫುಡ್ ಕೆಫೆಯಲ್ಲಿ ಒದ್ದೆ ಜರ್ಕಿನ್ ಹಾಕಿಕೊಂಡ ನಡಿಗೆಯವರು, ಬೈಕಿನವರು, ಲಾರಿಯವರು, ಎಲ್ಲರೂ ಒಂದೇ ಬೆಂಚಿನಲ್ಲಿ. ನಮ್ಮ ಘಟ್ಟದ ಕೆಳಗಿನ ಕ್ಯಾಂಟೀನುಗಳ ಹಾಗೆ. ಇಲ್ಲಿ ಹೆಂಡತಿ ಒಂದು ಪಾಠ ಕಲಿತಳು. ಸ್ಕಾಟ್ಲೆಂಡಿನಲ್ಲಿ ಬೇಳೆ ಸೂಪು ಎಲ್ಲೆಲ್ಲೂ ಇರುತ್ತದೆ, ನೋಡಲು ನಮ್ಮ ತೊವ್ವೆಯೇ. ಆದರೆ ಹಳೆಯ ಪದ್ಧತಿಯಲ್ಲಿ ಅದನ್ನು ಹಂದಿ ಮೂಳೆಯ ರಸದಲ್ಲಿ ಬೇಯಿಸುತ್ತಾರೆ. ಪಕ್ಕದಲ್ಲಿ ಕೂತಿದ್ದ ನಡಿಗೆಯ ಹೆಂಗಸು ಹೇಳಿದಳು: "ಇದರಲ್ಲಿ ಮಾಂಸ ಇದೆಯಾ ಅಂತ ಕೇಳಬೇಡಿ. ಸ್ಟಾಕ್ ಯಾವುದು ಅಂತ ಕೇಳಿ." ಅಲ್ಲಿಂದ ಮುಂದೆ ಅದೇ ನಮ್ಮ ಮಂತ್ರ.

ನಾಲ್ಕನೇ ದಿನ: ಓಬನ್, ಗ್ಲೆನ್‌ಕೋ, ಮುಚ್ಚಿದ ಬಾಗಿಲುಗಳು

ಓಬನ್‌ನಲ್ಲಿ ದ್ವೀಪಗಳಿಗೆ ಹೋಗುವ ಹಡಗು ಹತ್ತುವ ಜಾಗದಲ್ಲೇ ಒಂದು ಹಸಿರು ಗುಡಿಸಲು. ಸೀಫುಡ್ ಹಟ್. ಕುರ್ಚಿ, ಮೇಜು, ಮೇಲುಹಾಸು ಅಂತ ದೊಡ್ಡ ಏರ್ಪಾಡಿಲ್ಲ. ಹಲಗೆಯ ಮೇಲೆ ತಟ್ಟೆ ಇಟ್ಟು, ಗುರುತಿಲ್ಲದವರ ಪಕ್ಕ ನಿಂತು ತಿನ್ನುವುದು. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬಾಡಿಸಿದ ಸ್ಕ್ಯಾಲಪ್ ಅನ್ನುವ ಚಿಪ್ಪುಮೀನು ತಗೊಂಡೆ. ಜೊತೆಗೆ ಒಂದು ಬಟ್ಟಲು ನೀಲಿಕಲ್ಲು. ನಮ್ಮ ಕಡೆ ಬಂಡೆಯಿಂದ ಕೆತ್ತಿ ತೆಗೆಯುವ ಅದೇ ಬಗೆಯ ಚಿಪ್ಪು, ಇಲ್ಲಿ ಸಮುದ್ರದಲ್ಲಿ ಹಗ್ಗ ಇಳಿಬಿಟ್ಟು ಬೆಳೆಸುತ್ತಾರೆ. ಖಾಲಿ ಚಿಪ್ಪನ್ನೇ ಚಿಮಟದ ಹಾಗೆ ಹಿಡಿದು ಇನ್ನೊಂದರ ಮಾಂಸ ಕೀಳುತ್ತಿದ್ದೆ. ಪಕ್ಕದ ಅಜ್ಜ ನೋಡಿ, "ನೀನು ಕಡಲ ಮಗ" ಅಂದ.

ಅಜ್ಜ ಮಲ್ ದ್ವೀಪಕ್ಕೆ ಹೋಗುವವನು, ಹಡಗು ಬರಲು ಹೊತ್ತಿತ್ತು. ಅವನ ತಟ್ಟೆಯಲ್ಲಿ ಲ್ಯಾಂಗುಸ್ಟೀನ್, ಸೀಗಡಿಗೂ ಏಡಿಗೂ ನಡುವಿನ ಕಿತ್ತಳೆ ಬಣ್ಣದ ಪ್ರಾಣಿ. ಅವನ ಚಿಕ್ಕಂದಿನಲ್ಲಿ ಇದು ಬಲೆಗೆ ಬಿದ್ದರೆ ವಾಪಸ್ ನೀರಿಗೆ ಎಸೆಯುತ್ತಿದ್ದರಂತೆ. ಈಗ ಒಳ್ಳೆಯದೆಲ್ಲ ಲಾರಿ ಹತ್ತಿ ಸ್ಪೇನಿಗೆ, ಫ್ರಾನ್ಸಿಗೆ ಹೋಗುತ್ತದೆ. "ನಮಗೆ ಉಳಿಯೋದು ಈ ಗುಡಿಸಲಿನಷ್ಟು" ಅಂದ. ನಮ್ಮ ಕಡೆ ದೊಡ್ಡ ಸೀಗಡಿ ಎಲ್ಲಿಗೆ ಹೋಗುತ್ತದೆ ಅಂತ ನಾನೂ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ತಿಂದೆವು.

ತಾಯಿ ಮಗಳು ಅಷ್ಟು ಹೊತ್ತಿಗೆ ದಂಡೆಯ ಆಚೆ ತುದಿಯ ಓಬನ್ ಚಾಕೊಲೆಟ್ ಕಂಪನಿಯ ಕೆಫೆಯಲ್ಲಿ ಬಿಸಿ ಚಾಕೊಲೆಟ್ ಕುಡಿದು ಮೀಸೆ ಮಾಡಿಕೊಂಡು ಕೂತಿದ್ದರು. ಹೀಗೆ ಪಕ್ಷ ಒಡೆದು ತಿನ್ನುವುದೂ ಒಂದು ಉಪಾಯವೇ.

ಗ್ಲೆನ್‌ಕೋ ಕಣಿವೆ ನೋಡಿದ ಮೇಲೆ ಮಾತು ನಿಲ್ಲುತ್ತದೆ. ಕಪ್ಪು ಬೆಟ್ಟಗಳು ಎರಡೂ ಕಡೆಯಿಂದ ಬಾಗಿಕೊಂಡು ನಿಂತಿವೆ. 1692ರ ಫೆಬ್ರುವರಿಯಲ್ಲಿ ಇಲ್ಲಿಯ ಮ್ಯಾಕ್‌ಡೊನಾಲ್ಡ್ ಕುಲದ ಮನೆಗಳಲ್ಲಿ ಸೈನಿಕರು ಅತಿಥಿಗಳಾಗಿ ಉಳಿದರು. ಹತ್ತು ಹನ್ನೆರಡು ದಿನ ಅವರದೇ ಊಟ ಉಂಡರು. ಹದಿಮೂರನೇ ತಾರೀಕು ಬೆಳಗಿನ ಜಾವ ಎದ್ದು ಉಂಡ ಮನೆಯವರನ್ನೇ ಕೊಂದರು. ಸೈನಿಕರ ಮುಂದಾಳು ಕ್ಯಾಂಪ್‌ಬೆಲ್ ಕುಲದವನು. ಉಂಡ ಮನೆಯ ಗಳ ಎಣಿಸುವುದು ಅಂತ ನಾವು ಅನ್ನುತ್ತೇವೆ, ಇವರು ಗಳವನ್ನೇ ಮುರಿದರು. ಕಣಿವೆಯ ಕ್ಲಾಖೇಗ್ ಇನ್ ಅನ್ನುವ ಹಳೆಯ ಹೋಟೆಲಿನಲ್ಲಿ ಇವತ್ತಿಗೂ ಒಂದು ಫಲಕ ಇದೆ: ತಿರುಗಾಟದ ವ್ಯಾಪಾರಿಗಳಿಗೂ ಕ್ಯಾಂಪ್‌ಬೆಲ್‌ಗಳಿಗೂ ಪ್ರವೇಶವಿಲ್ಲ. ತಮಾಷೆಗೆ ಇಟ್ಟಿದ್ದು, ಆದರೂ ತೆಗೆದಿಲ್ಲ ನೋಡಿ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಚಹಾ ಮಾತ್ರ ಕುಡಿದೆವು. "ಇಲ್ಲೇ ಊಟ ಮಾಡಿಬಿಡೋಣ ಕಣ್ರೀ" ಅಂದಳು ಹೆಂಡತಿ. ಇಷ್ಟು ಬೇಗ ಯಾಕೆ, ಮುಂದಿನ ಊರು ಫೋರ್ಟ್ ವಿಲಿಯಂನಲ್ಲಿ ಆರಾಮಾಗಿ ಮಾಡೋಣ ಅಂದೆ.

ಕಣಿವೆಯಲ್ಲಿ ನಡೆದೆವು, ಫೋಟೋ ತೆಗೆದೆವು, ಜಿಂಕೆ ನೋಡಿದೆವು. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆ ತನಕ ಸೂರ್ಯ ಮುಳುಗುವುದಿಲ್ಲ. ಬೆಳಕು ನೋಡಿದರೆ ಸಂಜೆ ಐದಾದ ಹಾಗೆ. ಫೋರ್ಟ್ ವಿಲಿಯಂ ತಲುಪಿದಾಗ ಗಡಿಯಾರ ಎಂಟು ಮುಕ್ಕಾಲು. ಮೊದಲ ಹೋಟೆಲು: "ಕಿಚನ್ ಎಂಟೂವರೆಗೆ ಮುಚ್ಚಿತು." ಎರಡನೆಯದು: ಒಂಬತ್ತರ ತನಕ ಇದೆ, ಆದರೆ ಮೇಜು ಖಾಲಿ ಇಲ್ಲ. ಮೂರನೆಯದರಲ್ಲಿ ಜನ ತುಂಬಿದ್ದರು, ನಗುತ್ತಿದ್ದರು, ಬಿಯರ್ ಇತ್ತು, ಊಟ ಮಾತ್ರ ಇರಲಿಲ್ಲ. ನಾಲ್ಕನೆಯದರ ಹೊರಗೆ ಬಿಸಿಲಿನಲ್ಲಿ ನಿಂತುಕೊಂಡು, ಹಸಿದ ಮಗಳು "ಅಪ್ಪಾ, ಮಧ್ಯಾಹ್ನದ ಹಾಗೆ ಕಾಣ್ತಿದೆ, ರಾತ್ರಿಯ ಹಾಗೆ ಹಸೀತಿದೆ" ಅಂದಳು.

ಕೊನೆಗೆ ಸೂಪರ್‌ಮಾರ್ಕೆಟ್ಟು. ಓಟ್‌ಕೇಕ್, ಚೆಡ್ಡರ್ ಚೀಸು, ಬಾಳೆಹಣ್ಣು, ಮೊಸರು. ಬೇಜಾರಿಗೆ ಒಂದು ಬಿಯರ್ ಎತ್ತಿಕೊಂಡೆ. ಕೌಂಟರಿನ ಹುಡುಗಿ ಗಡಿಯಾರದ ಕಡೆ ಬೆರಳು ತೋರಿಸಿದಳು. ಹತ್ತು ದಾಟಿ ಮೂರು ನಿಮಿಷ. ಸ್ಕಾಟ್ಲೆಂಡಿನಲ್ಲಿ ರಾತ್ರಿ ಹತ್ತರ ಮೇಲೆ ಅಂಗಡಿಯಲ್ಲಿ ಮದ್ಯ ಮಾರುವ ಹಾಗಿಲ್ಲ. ಅವಳು ಬಾಟಲಿಯನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು. ಹೆಂಡತಿ ಆ ಹೊತ್ತಿನಲ್ಲಿ ಮಾತ್ರ ನಕ್ಕಳು.

ರೂಮಿನಲ್ಲಿ ಅವಳು ಸೂಟ್‌ಕೇಸಿನ ತಳದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ತೆಗೆದಳು. ಓಟ್‌ಕೇಕ್ ಅಂದರೆ ಸಿಹಿ ಇಲ್ಲದ, ಮಣ್ಣಿನ ಹೆಂಚಿನ ಚೂರಿನಂಥ ಬಿಸ್ಕತ್ತು. ಅದರ ಮೇಲೆ ಚೀಸಿನ ತುಂಡು, ಅದರ ಮೇಲೆ ಅರ್ಧ ಮಿಡಿ. ಕಚ್ಚಿದರೆ ಓಟ್ಸಿನ ಪುಡಿ, ಚೀಸಿನ ಉಪ್ಪು, ಆಮೇಲೆ ಅಪ್ಪೆಯ ಸೊನೆ ಘಮ್ಮಂತ ಮೂಗಿಗೆ. ಯಾವ ಹೋಟೆಲಿನಲ್ಲೂ ಸಿಗದ ಊಟ. ಆದರೂ ಹೇಳುತ್ತೇನೆ: ಹೈಲ್ಯಾಂಡ್ಸ್ ಅನ್ನುವ ಈ ಗುಡ್ಡಗಾಡಿನಲ್ಲಿ ಆಕಾಶ ನೋಡಿ ಊಟದ ಹೊತ್ತು ಲೆಕ್ಕ ಹಾಕಬೇಡಿ. ಏಳಕ್ಕೆ ಕೂತುಬಿಡಿ, ಮೇಜನ್ನು ಬೆಳಗ್ಗೆಯೇ ಹೇಳಿಡಿ.

ಐದನೇ ದಿನ: ಮಲ್ಲೇಗ್, ಗಾಳಿ

ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆ ನೋಡಿ ಮಲ್ಲೇಗ್ ಬಂದರಿಗೆ ಬಂದರೆ, ಗಾಳಿ ಜಾಸ್ತಿ ಅಂತ ಸ್ಕೈ ದ್ವೀಪದ ಹಡಗು ರದ್ದು. ಎದುರಿಗೇ ಕಾಣುವ ದ್ವೀಪ. ರಸ್ತೆಯಲ್ಲಿ ಹೋಗಬೇಕೆಂದರೆ ಬಂದ ದಾರಿಯಲ್ಲೇ ವಾಪಸ್ ಹೋಗಿ ಮೂರು ಗಂಟೆಗೂ ಜಾಸ್ತಿ ಸುತ್ತು.

ಮಳೆ ಅಡ್ಡಡ್ಡ ಬೀಳುತ್ತಿತ್ತು. ಬಂದರಿನ ಕೆಫೆಯಲ್ಲಿ ಕೂತು ಕಲ್ಲನ್ ಸ್ಕಿಂಕ್ ಕುಡಿದೆ. ಕಲ್ಲನ್ ಅನ್ನುವುದು ಉತ್ತರದ ಒಂದು ಊರು. ಹೊಗೆ ಹಾಕಿದ ಹ್ಯಾಡಾಕ್, ಆಲೂಗಡ್ಡೆ, ಈರುಳ್ಳಿ, ಹಾಲು. ಹಾಲಿನಲ್ಲಿ ಮೀನು! ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅಂತ ಅಮ್ಮ ಹೆದರಿಸಿ ಬೆಳೆಸಿದ್ದಾಳೆ. ಮೊದಲ ಚಮಚ ಎತ್ತುವಾಗ ಕೈ ತಡೆಯಿತು. ಎರಡನೆಯದಕ್ಕೆ ತಡೆಯಲಿಲ್ಲ. ಮೂಳೆಗೆ ಹೊಕ್ಕ ಚಳಿ ಇಳಿದುಹೋಯಿತು. ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿದೆ. ವಾರಗಳಾದವು, ಚರ್ಮ ಚೆನ್ನಾಗೇ ಇದೆ.

ಹಿಂದಿನ ರಾತ್ರಿಯ ಪಾಠ ಮರೆತಿರಲಿಲ್ಲ. ಇನ್ವರ್‌ಗ್ಯಾರಿ ಹತ್ತಿರ ಕಾರು ನಿಲ್ಲಿಸಿ ಸ್ಕೈ ದ್ವೀಪದ ಬ್ರಾಡ್‌ಫರ್ಡ್ ಊರಿನ ಕೆಫೆ ಸಿಯಾಗೆ ಫೋನ್ ಮಾಡಿ ಪಿಜ್ಜಾ ಹೇಳಿಟ್ಟೆವು. ಸೌದೆ ಒಲೆಯಲ್ಲಿ ಸುಟ್ಟದ್ದು, ಅಂಚು ಅಲ್ಲಲ್ಲಿ ಕಪ್ಪಾಗಿತ್ತು. ಸ್ಕೈ ಸೇತುವೆ ದಾಟಿ ಬಂದವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲೇ ತಿಂದೆವು. ಗಾಜಿನ ಹೊರಗೆ ಮಳೆ, ಒಳಗೆ ಹಬೆ. ಮೂರು ಪಕ್ಷಗಳೂ ಒಪ್ಪಿದ ಏಕೈಕ ಊಟ.

ಆರನೇ ದಿನ: ಸ್ಕೈ

ಸ್ಕೈಯ ಒಳರಸ್ತೆಗಳು ಒಂದೇ ಕಾರಿನ ಅಗಲ. ಅಲ್ಲಲ್ಲಿ ಸರಿದು ನಿಲ್ಲುವ ಜಾಗ. ಎದುರಿನವನಿಗೆ ದಾರಿ ಕೊಟ್ಟರೆ ಅವನು ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ, ನಾವೂ ಎತ್ತಬೇಕು. ಕುರಿಗಳು ಮಾತ್ರ ಯಾರಿಗೂ ಬೆರಳು ಎತ್ತುವುದಿಲ್ಲ, ನಡುರಸ್ತೆಯಲ್ಲೇ ಮಲಗಿರುತ್ತವೆ. 30 ಕಿಲೋಮೀಟರಿಗೆ ಒಂದು ಗಂಟೆ ಇಟ್ಟುಕೊಳ್ಳಿ.

ಕಾರ್ಬೊಸ್ಟ್ ಹಳ್ಳಿಯಲ್ಲಿ 1830ರಿಂದ ಇರುವ ಟಾಲಿಸ್ಕರ್ ವಿಸ್ಕಿ ಭಟ್ಟಿ. ಅದರ ಹಿಂದಿನ ಏರಿನಲ್ಲಿ ಆಯ್ಸ್ಟರ್ ಅನ್ನುವ ಚಿಪ್ಪುಮೀನಿನ ಅಂಗಡಿ, ಆಯ್ಸ್ಟರ್ ಶೆಡ್. ಹೆಸರಿನ ಹಾಗೇ ಶೆಡ್ಡು. ಒಬ್ಬ ಹುಡುಗ ಗಿಡ್ಡ ಚಾಕುವಿನಿಂದ ಚಿಪ್ಪಿನ ಬುಡಕ್ಕೆ ಚುಚ್ಚಿ, ಮಣಿಕಟ್ಟು ತಿರುಗಿಸಿ, ಕಟ್ ಅಂತ ತೆಗೆಯುತ್ತಿದ್ದ. ನಿಂಬೆ ಹಿಂಡಿ ಹಸಿಯಾಗೇ ನುಂಗುವುದು. ಬಾಯಿ ತುಂಬ ಸಮುದ್ರ. ಭಟ್ಟಿಯಲ್ಲಿ ರುಚಿ ನೋಡುವ ಆಸೆ ಇದ್ದರೂ ಕಾರು ಓಡಿಸುವವರು ಹುಷಾರು. ಕುಡಿದು ಓಡಿಸುವ ಮಿತಿ ಸ್ಕಾಟ್ಲೆಂಡಿನಲ್ಲಿ 2014ರಿಂದ ಇಂಗ್ಲೆಂಡಿಗಿಂತ ಕಡಿಮೆ. ಡ್ರೈವರ್ ಅಂದರೆ ನಮ್ಮ ಪಾಲನ್ನು ಪುಟ್ಟ ಶೀಶೆಯಲ್ಲಿ ತುಂಬಿ ಕೊಡುತ್ತಾರೆ.

ಕೋಲ್‌ಬೋಸ್ಟ್‌ನ ತ್ರೀ ಚಿಮ್ನೀಸ್ ದೊಡ್ಡ ಹೆಸರಿನ ಹೋಟೆಲು. ದಂಡೆಯ ಒಂದು ಬಿಳಿ ಮನೆ. ತಿಂಗಳುಗಳ ಮೊದಲೇ ಜಾಗ ಹೇಳಿಡಬೇಕು. ಹೊರಗಿನಿಂದ ನೋಡಿದೆವು, ಚೆನ್ನಾಗಿದೆ.

ಮಗಳಿಗೆ ಸ್ಕೈ ಅಂದರೆ ಇದ್ಯಾವುದೂ ಅಲ್ಲ. ಕಾರ್ಬೊಸ್ಟ್‌ನಿಂದ ಡನ್‌ವೇಗನ್ ಕಡೆ ಹೋಗುವಾಗ ಒಂದು ಮನೆಯ ಗೇಟಿನ ಪಕ್ಕ ನೀಲಿ ಬಾಗಿಲಿನ ಒಂದು ಕಪಾಟು ನಿಂತಿತ್ತು. ಆಳು ಇಲ್ಲ, ನಾಯಿ ಇಲ್ಲ. ಬಾಗಿಲು ತೆರೆದರೆ ಮೂರು ಹಲಗೆ. ಮೊಟ್ಟೆ, ನಿಂಬೆ ಕೇಕಿನ ತುಂಡುಗಳು, ಟ್ಯಾಬ್ಲೆಟ್ ಅನ್ನುವ ಮಿಠಾಯಿಯ ಪೊಟ್ಟಣ. ಕೆಳಗೆ ಬೀಗ ಹಾಕಿದ ತಗಡಿನ ಡಬ್ಬಿ, ದುಡ್ಡು ಹಾಕಲು ಸೀಳು. ಇಂಥ ಕಪಾಟಿಗೆ ಅಲ್ಲಿ ಹಾನೆಸ್ಟಿ ಬಾಕ್ಸ್ ಅನ್ನುತ್ತಾರೆ. ಟ್ಯಾಬ್ಲೆಟ್ ಅಂದರೆ ಸಕ್ಕರೆ, ಬೆಣ್ಣೆ, ಮಂದ ಹಾಲು ಸೇರಿಸಿ ಕುದಿಸಿ, ಹರಳುಗಟ್ಟುವ ತನಕ ತಿರುವಿ, ತಟ್ಟೆಗೆ ಹೊಯ್ದು ಕತ್ತರಿಸಿದ್ದು. "ಆಯಿ, ಇದು ಧಾರವಾಡ ಪೇಡವನ್ನು ತಟ್ಟಿ ಬರ್ಫಿ ಮಾಡಿದ ಹಾಗಿದೆ!" ಅಂದಳು ಮಗಳು. ಸರಿಯಾಗೇ ಹೇಳಿದಳು.

ಎರಡು ಪೊಟ್ಟಣ, ಎರಡು ತುಂಡು ಕೇಕು. ಒಟ್ಟು ಹನ್ನೊಂದು ಪೌಂಡ್. ಎಲ್ಲ ಕಡೆ ಕಾರ್ಡ್ ಉಜ್ಜಿ ಬಂದವರ ಹತ್ತಿರ ಚಿಲ್ಲರೆ ಎಲ್ಲಿ? ಕಾರಿನ ಸಂದಿಗೊಂದಿ ಹುಡುಕಿದರೂ ಹತ್ತು ಪೌಂಡಿನ ಒಂದೇ ಒಂದು ನೋಟು. ಮನೆಯ ಬಾಗಿಲು ಬಡಿದೆವು, ಯಾರೂ ಇರಲಿಲ್ಲ. ಒಂದು ಪೌಂಡ್ ತಾನೆ, ಬಿಡು ಅಂದೆ. ಮಗಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನೇ ನೋಟಿನ ಜೊತೆ ಚೀಟಿ ಬರೆದು ಹಾಕಿದೆ: ಒಂದು ಪೌಂಡ್ ಬಾಕಿ.

ಏಳನೇ ದಿನ

ಇಡೀ ದಿನ ರಸ್ತೆ. ಬ್ರಾಡ್‌ಫರ್ಡ್‌ನಿಂದ ಗ್ಲಾಸ್ಗೊ. ಲೋಮಂಡ್ ಸರೋವರದ ದಂಡೆಯಲ್ಲಿ ಕಾರುಗಳ ಸಾಲು. ಟ್ಯಾಬ್ಲೆಟ್ಟಿನ ಮೊದಲ ಪೊಟ್ಟಣ ಮುಗಿಯಿತು.

ಎಂಟನೇ ದಿನ: ಗ್ಲಾಸ್ಗೊ

ಗ್ಲಾಸ್ಗೊದಲ್ಲಿ ನನ್ನ ಕಾಲೇಜಿನ ಗೆಳೆಯನಿದ್ದಾನೆ, ಕುಮಟಾದವನು. "ಎಂಟು ದಿನ ಆತು, ಇನ್ನೂ ಸರಿ ಊಟ ಮಾಡಿಲ್ವೇನೋ ಮಾರಾಯ" ಅಂತಲೇ ಕರೆದುಕೊಂಡು ಹೋದ. ಅವನ ಪ್ರಕಾರ ಗ್ಲಾಸ್ಗೊದ ನಿಜವಾದ ಊರೂಟ ಪಕೋಡ. ಪಂಜಾಬಿನಿಂದ, ಪಾಕಿಸ್ತಾನದಿಂದ ಬಂದವರು ತಂದದ್ದು ಈಗ ಪಬ್ಬಿನಲ್ಲೂ ಸಿಗುತ್ತದೆ. ಜೊತೆಗೆ ಗುಲಾಬಿ ಬಣ್ಣದ ಮೊಸರಿನ ಸಾಸು. ಹ್ಯಾಗಿಸ್ ಪಕೋಡವೂ ಉಂಟು. ಹೆಂಡತಿ ತರಕಾರಿಯದ್ದನ್ನು ಮುರಿದು ನೋಡಿ, "ಈರುಳ್ಳಿ ಬಜೆ ಸ್ವಲ್ಪ ದಪ್ಪ ಆಗಿದೆ ಅಷ್ಟೆ" ಅಂತ ಎರಡನೇ ತಟ್ಟೆ ಹೇಳಿದಳು.

ಪಾರ್ಕ್ ರೋಡಿನ ಶಿಶ್ ಮಹಲ್ 1964ರಿಂದ ಇದೆ. ಅದರ ಮಾಲೀಕ ಅಲಿ ಅಹ್ಮದ್ ಅಸ್ಲಂ ಚಿಕನ್ ಟಿಕ್ಕಾ ಮಸಾಲಾ ಕಂಡುಹಿಡಿದವರು ಅಂತ ಗ್ಲಾಸ್ಗೊದವರ ವಾದ. 1970ರ ದಶಕದಲ್ಲಿ ಯಾರೋ ಗಿರಾಕಿ ಕೋಳಿ ಒಣಗಿದೆ ಅಂದನಂತೆ. ಹೊಟ್ಟೆ ಹುಣ್ಣಿಗೆ ಅಂತ ತಾನು ಕುಡಿಯುತ್ತಿದ್ದ ಟೊಮ್ಯಾಟೊ ಸೂಪನ್ನೇ ಮಸಾಲೆ ಜೊತೆ ಸೇರಿಸಿ ಕೊಟ್ಟರಂತೆ. ಬೇರೆಯವರೂ ಇದು ತಮ್ಮದು ಅನ್ನುತ್ತಾರೆ. 2009ರಲ್ಲಿ ಇಲ್ಲಿಯ ಸಂಸದರೊಬ್ಬರು ಆ ಹೆಸರನ್ನು ಗ್ಲಾಸ್ಗೊಗೇ ಬರೆದುಕೊಡಿ ಅಂತ ಸಂಸತ್ತಿನವರೆಗೂ ಒಯ್ದರು, ಆಗಲಿಲ್ಲ. ಅಸ್ಲಂ 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ನಾನು ತಿಂದದ್ದು ಸಿಹಿ ಜಾಸ್ತಿ, ಕೆನೆ ಜಾಸ್ತಿ. ನಿಜ ಹೇಳಬೇಕೆಂದರೆ ನನಗೆ ಆರ್ಬ್ರೋತಿನ ಮೀನೇ ನೆನಪಾಗುತ್ತಿತ್ತು.

ಮಧ್ಯಾಹ್ನ ಸಾಖಿಹಾಲ್ ಬೀದಿಯ ವಿಲ್ಲೋ ಟೀ ರೂಮ್. ಕೇಟ್ ಕ್ರ್ಯಾನ್‌ಸ್ಟನ್ ಅನ್ನುವ ಹೆಂಗಸು 1903ರಲ್ಲಿ ತೆರೆದದ್ದು. ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಕಟ್ಟಡದಿಂದ ಹಿಡಿದು ಕುರ್ಚಿಯವರೆಗೆ ಎಲ್ಲವನ್ನೂ ರೂಪಿಸಿದ. ಹೆಣ್ಣುಮಕ್ಕಳು ಪಬ್ಬಿಗೆ ಕಾಲಿಡಲು ಆಗದ ಕಾಲದಲ್ಲಿ ಇಲ್ಲಿ ಕೂತು ಹರಟುತ್ತಿದ್ದರು. ಎತ್ತರದ ಬೆನ್ನಿನ ಕುರ್ಚಿಯಲ್ಲಿ ಹೆಂಡತಿ ನೆಟ್ಟಗೆ ಕೂತು, ಮೂರಂತಸ್ತಿನ ತಟ್ಟೆಯಿಂದ ಸ್ಕೋನ್ ಅನ್ನುವ ಪುಟ್ಟ ಬನ್ನಿನಂಥದ್ದನ್ನು ಎತ್ತಿಕೊಂಡಳು. ಅದಕ್ಕೆ ಮೊಟ್ಟೆ ಹಾಕಿದ್ದಾರಾ ಅಂತ ಯಾರೂ ಕೇಳಲಿಲ್ಲ.

ಬಿಲ್ಲು ಕೊಟ್ಟು ಹೊರಗೆ ಬಂದಾಗ ಮಗಳು ಗೆಳೆಯನ ಹತ್ತಿರ ಒಂದು ಪೌಂಡ್ ನಾಣ್ಯ ಕೇಳಿ ಇಸಕೊಂಡಳು. ಯಾಕೆ ಅಂತ ಅವನಿಗೆ ಗೊತ್ತಾಗಲಿಲ್ಲ. ಅದು ಈಗ ಬೆಂಗಳೂರಿನಲ್ಲಿ ಅವಳ ಕಂಪಾಸ್ ಬಾಕ್ಸಿನಲ್ಲಿದೆ. ನಿಮ್ಮಲ್ಲಿ ಯಾರಾದರೂ ಸ್ಕೈಗೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ಕಾರ್ಬೊಸ್ಟ್‌ನಿಂದ ಡನ್‌ವೇಗನ್ ಕಡೆ ಹೋಗುವಾಗ, ಎಡಗಡೆ, ನೀಲಿ ಬಾಗಿಲಿನ ಕಪಾಟು.